ಹಾಲಿನ ಲೆಕ್ಕದಲ್ಲಿ ಕಾಣದ ಕರು

ಮುಂಬಯಿ ಮಹಾನಗರದಲ್ಲಿ ನೆಲೆಸಿದ ಕನ್ನಡಿಗನ ದಿನವು ಹಾಲಿನಿಂದಲೇ ಆರಂಭವಾಗುತ್ತದೆಯೆಂದರೆ ಅತಿಶಯೋಕ್ತಿಯಾಗಲಾರದು. ಕುರ್ಲಾದ ನೆಹರೂ ನಗರದಲ್ಲಿರಲಿ, ಚೂನಾಭಟ್ಟಿಯಲ್ಲಿರಲಿ, ಕಮಾನಿಯ ಸುತ್ತಲಿನ ಚಾಳುಗಳಲ್ಲಿರಲಿ, ಬಾಗಿಲಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪೊಟ್ಟಣವನ್ನು ತೆಗೆದು ಒಲೆಗೇರಿಸುವುದೇ ಗೃಹಿಣಿಯ ಮೊದಲ ಕೆಲಸ. ಕಾಫಿ ಅದರ ಮೇಲೆ ನಿಂತಿದೆ, ಮಕ್ಕಳ ಪಥ್ಯ ಅದರ ಮೇಲೆ ನಿಂತಿದೆ, ಸಂಜೆಯ ದೇವರ ನೈವೇದ್ಯವೂ ಅದರ ಮೇಲೆಯೇ ನಿಂತಿದೆ. ಈಚಿನ ಕೆಲವು ವರ್ಷಗಳಿಂದ ಈ ಪೊಟ್ಟಣಗಳ ಸಾಲಿನಲ್ಲಿ ಹೊಸತೊಂದು ಬಗೆಯ ಬಾಟಲಿ ಕಾಣಿಸಿಕೊಂಡಿದೆ. ಅದರ ಮೇಲೆ ‘ಸಾವಯವ’, ‘ದೇಸಿ’, ‘ಎ-2’ ಎಂಬ ಮಾತುಗಳಿವೆ. ಹಸುರು ಹುಲ್ಲಿನಲ್ಲಿ ಮೇಯುವ ಹಸುವಿನ ಚಿತ್ರವಿದೆ. ಬೆಲೆಯೂ ಸಾಮಾನ್ಯ ಹಾಲಿಗಿಂತ ಬಹಳ ಮೇಲಿದೆ.

ಈ ಬಾಟಲಿಯನ್ನು ಕೊಳ್ಳುವವನು ಎರಡು ವಸ್ತುಗಳನ್ನು ಒಟ್ಟಿಗೆ ಕೊಂಡೆನೆಂದು ಭಾವಿಸುತ್ತಾನೆ. ಒಂದು, ಮನೆಯವರ ಆರೋಗ್ಯ; ಇನ್ನೊಂದು, ಹಾಲು ಕೊಟ್ಟ ಪ್ರಾಣಿಯ ಸುಖ. ಮೊದಲನೆಯದು ಒಂದಿಷ್ಟು ಮಟ್ಟಿಗೆ ಅವನಿಗೆ ಸಿಗಬಹುದು. ಎರಡನೆಯದು ಆ ಬೆಲೆಯೊಳಗೆ ಸೇರಿದೆಯೆ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಒಂದೇ ಪದದಡಿಯಲ್ಲಿ ಕಟ್ಟಿ ಮಾರುವುದರಿಂದ ಹಾಲಿನ ವ್ಯವಹಾರದಲ್ಲಿ ಯಾರ ನೋವು ಯಾರ ಲೆಕ್ಕಕ್ಕೆ ಬೀಳುತ್ತಿದೆಯೆಂಬ ವಿಚಾರ ಮರೆಯಾಗುತ್ತಿದೆ.

ಕುರ್ಲಾದ ನಿವಾಸಿಗಳಿಗೆ ಈ ವಿಚಾರ ದೂರದ್ದೇನೂ ಅಲ್ಲ. ಮುಂಬಯಿಗೆ ಹಾಲು ಪೂರೈಸಿದ ಸರಕಾರಿ ಡೇರಿಗಳು ಮುಖ್ಯವಾಗಿ ಮೂರು: ಆರೇ, ವರ್ಲಿ ಮತ್ತು ಕುರ್ಲಾ. ಪೂರ್ವ ಕುರ್ಲಾದ ನೆಹರೂ ನಗರದ ಪಕ್ಕದ ಮದರ್ ಡೇರಿಯ ವಿಶಾಲ ಆವರಣವನ್ನು ನೋಡದ ಕುರ್ಲಾವಾಸಿ ಇರಲಾರನು. ಈ ಡೇರಿಗಳ ಹಿಂದಿನ ಕಥೆಯನ್ನು ತಿಳಿಯಬೇಕಾದರೆ ಸ್ವಾತಂತ್ರ್ಯದ ಆಸುಪಾಸಿನ ಮುಂಬಯಿಗೆ ಹೋಗಬೇಕು. ಆಗ ನಗರದ ಹಾಲಿನ ಬಹುಪಾಲು ಬರುತ್ತಿದ್ದುದು ವಸತಿಗಳ ನಡುವೆಯೇ ಇದ್ದ ತಬೇಲಾಗಳಿಂದ. ಜನರು ಮಲಗುವ ಕೋಣೆಗೆ ಅಂಟಿಕೊಂಡೇ ಸಾಲು ಸಾಲು ಎಮ್ಮೆಗಳು. ಸೆಗಣಿ ಚರಂಡಿಗೆ, ಚರಂಡಿ ಕೊಲ್ಲಿಗೆ. ಆ ಕಾಲದ ಹಾಲಿನ ಕಮಿಷನರರಾಗಿದ್ದ ದಾರಾ ಖುರೋಡಿಯವರು ಈ ಎಮ್ಮೆಗಳನ್ನು ನಗರದ ಹೊರಗೆ ಸಾಗಿಸುವ ಯೋಜನೆಯನ್ನು ಹಾಕಿದರು. ಅದರ ಫಲವಾಗಿ 1949ರಲ್ಲಿ ಗೋರೆಗಾಂವದ ಆರೇ ಕಾಲೊನಿ ಸ್ಥಾಪಿತವಾಯಿತು. 1951ರ ಮಾರ್ಚ್ ತಿಂಗಳಲ್ಲಿ ಪಂಡಿತ ನೆಹರೂ ಅದನ್ನು ಉದ್ಘಾಟಿಸಿದರು. ಸುಮಾರು 1,287 ಹೆಕ್ಟೇರು ಭೂಮಿ, 32 ಘಟಕಗಳು, 16,000ದಷ್ಟು ಜಾನುವಾರುಗಳು. ಎಮ್ಮೆಯ ಗಟ್ಟಿ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರನ್ನು ಬೆರೆಸಿ ಬಡವರ ಕೈಗೆಟಕುವ ‘ಟೋನ್ಡ್’ ಹಾಲನ್ನು ಮಾಡುವ ಉಪಾಯವೂ ಖುರೋಡಿಯವರದೇ.

ಇದೇ ಸಮಯದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಬೇರೊಂದು ಮಾರ್ಗ ತೆರೆಯುತ್ತಿತ್ತು. 1946ರ ಡಿಸೆಂಬರಿನಲ್ಲಿ ನೋಂದಣಿಯಾದ ಅಲ್ಲಿನ ಸಹಕಾರಿ ಸಂಘ, ತ್ರಿಭುವನದಾಸ ಪಟೇಲರ ನಾಯಕತ್ವದಲ್ಲಿ, 1949ರಲ್ಲಿ ಆನಂದಕ್ಕೆ ಬಂದ ವರ್ಗೀಸ್ ಕುರಿಯನ್ನರ ದಕ್ಷತೆಯಲ್ಲಿ ಬೆಳೆಯಿತು. ಈ ಮೂವರಿಗೂ, ಎಂದರೆ ಖುರೋಡಿ, ಪಟೇಲ ಮತ್ತು ಕುರಿಯನ್ನರಿಗೆ, 1963ರಲ್ಲಿ ಮ್ಯಾಗ್ಸೇಸೇ ಪ್ರಶಸ್ತಿ ಒಟ್ಟಾಗಿ ಬಂತು. ಆದರೆ ಅವರ ವಿಚಾರಗಳು ಒಟ್ಟಾಗಿರಲಿಲ್ಲ. ಎಮ್ಮೆಯನ್ನು ನಗರಕ್ಕೆ ತರಬಾರದು, ಹಾಲನ್ನು ತರಬೇಕು ಎಂಬುದು ಕುರಿಯನ್ನರ ವಾದ. ನಗರದ ಕೊಟ್ಟಿಗೆಗಳು ಹಳ್ಳಿಗಳ ಅತ್ಯುತ್ತಮ ಎಮ್ಮೆಗಳನ್ನು ಹೀರಿಕೊಂಡು, ಅವುಗಳ ಸಂತಾನವನ್ನು ನಾಶಮಾಡಿ, ದೇಶದ ತಳಿಯನ್ನೇ ಬಡಮಾಡುತ್ತಿವೆಯೆಂದು ಅವರ ಪಕ್ಷದವರು ಹೇಳುತ್ತಿದ್ದರು. 1970ರಲ್ಲಿ ಪ್ರಾರಂಭವಾದ ಆಪರೇಷನ್ ಫ್ಲಡ್ ಯೋಜನೆಯ ಉದ್ದೇಶಗಳಲ್ಲಿ ನಗರದ ಜಾನುವಾರುಗಳನ್ನು ಹಳ್ಳಿಗೆ ಹಿಂತಿರುಗಿಸುವುದೂ ಒಂದಾಗಿತ್ತು. ಮಹಾರಾಷ್ಟ್ರ ಸರಕಾರ 1976ರಲ್ಲಿ ನಗರಗಳಲ್ಲಿ ಜಾನುವಾರು ಸಾಕಣೆಯನ್ನು ನಿಯಂತ್ರಿಸುವ ಕಾನೂನನ್ನೇ ಮಾಡಿತು. ದಾಪಚರಿಗೆ ತಬೇಲಾಗಳನ್ನು ಸ್ಥಳಾಂತರಿಸುವ ಮಾತು ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಇಷ್ಟೆಲ್ಲ ಆದರೂ ಉಪನಗರಗಳಲ್ಲಿ ತಬೇಲಾಗಳು ಇಂದಿಗೂ ಇವೆ. ಪೊಟ್ಟಣದ ಹಾಲಿಗಿಂತ ತಬೇಲಾದ ‘ತಾಜಾ’ ಹಾಲೇ ಲೇಸೆಂದು ನಂಬುವ ಗಿರಾಕಿಗಳು ಇರುವವರೆಗೂ ಅವು ಇರುತ್ತವೆ.

ತಬೇಲಾದ ವ್ಯವಹಾರವನ್ನು ಜಮಾ-ಖರ್ಚಿನ ದೃಷ್ಟಿಯಿಂದ ನೋಡಿದರೆ ಅದರ ಕ್ರೌರ್ಯಕ್ಕೆ ಯಾರ ದುಷ್ಟತನವೂ ಬೇಕಾಗಿಲ್ಲವೆಂದು ಗೊತ್ತಾಗುತ್ತದೆ. ಹರಿಯಾಣದಿಂದಲೋ ಗುಜರಾತಿನಿಂದಲೋ ಆಗತಾನೆ ಈದ ಎಮ್ಮೆಯನ್ನು ಕೊಂಡು ತರುತ್ತಾರೆ. ಅದು ಸುಮಾರು ಹತ್ತು ತಿಂಗಳು ಕರೆಯುತ್ತದೆ. ಅನಂತರ ಬತ್ತುತ್ತದೆ. ನಗರದಲ್ಲಿ ಹುಲ್ಲು ಬೆಳೆಯುವುದಿಲ್ಲ; ಹುಲ್ಲು, ಹಿಂಡಿ, ಬೂಸಾ ಎಲ್ಲವೂ ಲಾರಿಯಲ್ಲಿ ಬರಬೇಕು. ಎಮ್ಮೆ ಗರ್ಭ ಧರಿಸಿದರೂ ಮತ್ತೆ ಈಯಲು ಹತ್ತು ತಿಂಗಳಿಗೂ ಮಿಕ್ಕಿ ಬೇಕು. ಹಾಲು ಕೊಡದ ಎಮ್ಮೆಗೆ ಅಷ್ಟು ಕಾಲ ಹುಲ್ಲು ಹಾಕುವುದಕ್ಕಿಂತ ಅದನ್ನು ಸಿಕ್ಕ ಬೆಲೆಗೆ ಮಾರಿ ಹೊಸ ಎಮ್ಮೆಯನ್ನು ಕೊಳ್ಳುವುದು ಮಾಲೀಕನಿಗೆ ಲಾಭ. 1971ರಲ್ಲಿ ಕಾರ್ಯಾರಂಭ ಮಾಡಿದ ದೇವನಾರದ ಕಸಾಯಿಖಾನೆ ಕುರ್ಲಾದಿಂದ ಹೆಚ್ಚು ದೂರವಿಲ್ಲ. ಯಂತ್ರಕ್ಕೆ ಸವಕಳಿ ಬರೆಯುವಂತೆ ಎಮ್ಮೆಗೂ ಸವಕಳಿ ಬರೆಯಲಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಯಂತ್ರಕ್ಕೆ ಹಸಿವೆಯಿದೆ.

ಕರುವಿನ ಗತಿ ಇನ್ನೂ ಕಠಿಣವಾದುದು. ಎಮ್ಮೆ ಹಾಲು ಕೊಡಬೇಕಾದರೆ ಕರು ಹಾಕಲೇಬೇಕು; ಆದರೆ ಕರು ಕುಡಿದ ಪ್ರತಿಯೊಂದು ಲೋಟವೂ ಮಾರಾಟದಲ್ಲಿ ನಷ್ಟ. ಹುಟ್ಟುವಾಗ ಸುಮಾರು 30 ಕಿಲೋ ತೂಗುವ ಕರುವಿಗೆ ತೂಕದ ಹತ್ತನೆಯ ಒಂದು ಪಾಲಿನಷ್ಟು, ಎಂದರೆ ದಿನಕ್ಕೆ 3 ಲೀಟರಿನಷ್ಟು ಹಾಲು ಬೇಕು. ಹೆಣ್ಣುಗರುವಾದರೆ ಮುಂದೆ ಎಮ್ಮೆಯಾದೀತೆಂಬ ಆಸೆಯಾದರೂ ಉಂಟು. ಕೋಣಗರುವಿಗೆ ಆ ಭಾಗ್ಯವೂ ಇಲ್ಲ. ಅದನ್ನು ಯಾರೂ ಕೊಲ್ಲುವುದಿಲ್ಲ. ಅದಕ್ಕೆ ಹಾಲು ಬಿಡುವುದಿಲ್ಲ, ಅಷ್ಟೇ. ಕೆಲವು ದಿನಗಳಲ್ಲಿ ಅದು ತಾನಾಗಿ ಸಾಯುತ್ತದೆ. ಕರು ಸತ್ತ ಎಮ್ಮೆ ಹಾಲಿಳಿಸದಿದ್ದರೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸುವ ಪದ್ಧತಿ ಹಿಂದಿನಿಂದಲೂ ಇತ್ತು. ತಾಯಿ ಆ ಬೊಂಬೆಯನ್ನು ನೆಕ್ಕುತ್ತಾ ನಿಲ್ಲುತ್ತದೆ, ಪಾತ್ರೆ ತುಂಬುತ್ತದೆ.

ಹಾಲಿಳಿಸುವ ಇನ್ನೂ ಹೇಯವಾದ ಒಂದು ಉಪಾಯಕ್ಕೆ ‘ಫೂಕಾ’ ಎಂದು ಹೆಸರು. ಕಲಕತ್ತೆಯ ಗೌಳಿಗರು ಹಸುಗಳಿಗೆ ಮಾಡುತ್ತಿದ್ದ ಈ ಹಿಂಸೆಯ ವರ್ಣನೆಯನ್ನು ಓದಿದ ಗಾಂಧೀಜಿ ದಕ್ಷಿಣ ಆಫ್ರಿಕೆಯಲ್ಲಿದ್ದಾಗ, 1912ರಲ್ಲಿ, ಹಾಲನ್ನು ತ್ಯಜಿಸಿದರು. ಮುಂದೆ 1918ರಲ್ಲಿ ತೀವ್ರ ಅಸ್ವಸ್ಥರಾಗಿ, ಇದೇ ಮುಂಬಯಿಯಲ್ಲಿ ಡಾಕ್ಟರ್ ದಲಾಲರ ಚಿಕಿತ್ಸೆಯಲ್ಲಿದ್ದಾಗ, ಹಾಲಿಲ್ಲದೆ ದೇಹ ಚೇತರಿಸದೆಂದು ವೈದ್ಯರು ಹೇಳಿದರು. ಆಡಿನ ಹಾಲಿಗೆ ವ್ರತದ ಅಡ್ಡಿಯೇನು ಎಂದು ಹಾಸಿಗೆಯ ಬಳಿಯಿದ್ದ ಕಸ್ತೂರಬಾ ಕೇಳಿದರು, ಗಾಂಧೀಜಿ ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತೆಂದು ಅವರು ಆತ್ಮಕಥೆಯಲ್ಲಿ ಕೊರಗಿದ್ದಾರೆ. ಹಾಲನ್ನು ಬಿಡುವುದೂ ಕಷ್ಟ, ಕುಡಿಯುವುದೂ ಕಷ್ಟ ಎಂಬ ಈ ಇಕ್ಕಟ್ಟನ್ನು ಅವರಷ್ಟು ಪ್ರಾಮಾಣಿಕವಾಗಿ ಅನುಭವಿಸಿದವರು ವಿರಳ.

1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 12ನೆಯ ಕಲಮು ಫೂಕಾವನ್ನು ಹೆಸರಿಸಿಯೇ ನಿಷೇಧಿಸಿದೆ. ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವ ಯಾವುದೇ ಚುಚ್ಚುಮದ್ದನ್ನು ಕೊಡುವುದೂ ಅದರಂತೆ ಅಪರಾಧವೇ. ಎರಡು ವರ್ಷಗಳವರೆಗೆ ಸೆರೆ, ಸಾವಿರ ರೂಪಾಯಿಯವರೆಗೆ ದಂಡ, ಪ್ರಾಣಿಯ ಮುಟ್ಟುಗೋಲು. ಆದರೆ ಫೂಕಾದ ಸ್ಥಾನವನ್ನು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಆಕ್ರಮಿಸಿತು. ಕೇಂದ್ರ ಸರಕಾರ 2018ರಲ್ಲಿ ಇದರ ಖಾಸಗಿ ತಯಾರಿಕೆಯನ್ನು ನಿಲ್ಲಿಸಿ, ಬೆಂಗಳೂರಿನ ಸರಕಾರಿ ಸಂಸ್ಥೆಯಾದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯೊಂದಕ್ಕೇ ದೇಶದ ಪೂರೈಕೆಯನ್ನು ವಹಿಸಲು ಹೊರಟಿತು. ಬಾಣಂತಿಯರ ರಕ್ತಸ್ರಾವವನ್ನು ತಡೆಯಲು ಇದೇ ಔಷಧ ಅತ್ಯಗತ್ಯವಾದುದರಿಂದ ವಿವಾದವೆದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಗೊಳಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಚುಚ್ಚುಮದ್ದಿನ ಹಾಲು ಕುಡಿದರೆ ಮಕ್ಕಳಿಗೆ ಏನಾದೀತೋ ಎಂಬ ಭಯವೇ ಜನರಲ್ಲಿ ಹೆಚ್ಚು. ಆಕ್ಸಿಟೋಸಿನ್ ಜಠರದಲ್ಲಿ ಜೀರ್ಣವಾಗಿ ಹೋಗುವ ವಸ್ತು. ಕುಡಿಯುವವರಿಗೆ ಅದರಿಂದಾಗುವ ಅಪಾಯದ ಮಾತು ಬಹುಮಟ್ಟಿಗೆ ಉತ್ಪ್ರೇಕ್ಷಿತ. ದಿನಕ್ಕೆರಡು ಬಾರಿ ಸೂಜಿ ಚುಚ್ಚಿಸಿಕೊಳ್ಳುವ ಎಮ್ಮೆಯ ನೋವು ಮಾತ್ರ ಉತ್ಪ್ರೇಕ್ಷೆಯಲ್ಲ. ಆ ಬಗ್ಗೆ ಕೇಳುವವರು ಕಡಮೆ.

ಇದನ್ನು ಹೇಳುವಾಗ ಕಂಬಳದ ಪ್ರಕರಣ ನೆನಪಾಗದೆ ಇರದು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ನಾಗರಾಜ ಪ್ರಕರಣದಲ್ಲಿ ಜಲ್ಲಿಕಟ್ಟನ್ನು ನಿಷೇಧಿಸಿ ತೀರ್ಪಿತ್ತಿತು. ಅದರ ಪರಿಣಾಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಂಬಳಗಳ ಮೇಲೂ ಆಯಿತು. ಕರ್ನಾಟಕ ಶಾಸನಸಭೆ 2017ರಲ್ಲಿ ಕಾಯಿದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ಒಂಬತ್ತು ವರ್ಷಗಳಲ್ಲಿ ಮುಂಬಯಿಯ ಕರಾವಳಿ ಕನ್ನಡಿಗರಲ್ಲಿ ಕಂಬಳದ ಕೋಣಗಳ ಬಗೆಗೆ ನಡೆದಷ್ಟು ಬಿಸಿ ಚರ್ಚೆ ಬೇರೆ ವಿಷಯದಲ್ಲಿ ನಡೆದಿರಲಾರದು. ಎಣ್ಣೆ ಹಚ್ಚಿ, ಹುರುಳಿ ಬೇಯಿಸಿ ಹಾಕಿ, ಮನೆಮಗನಂತೆ ಸಾಕುವ ಕೋಣದ ಬೆನ್ನಿಗೆ ಬೀಳುವ ಬಾರುಕೋಲಿನ ಪೆಟ್ಟು ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು, ಹೋಗಬಾರದಿತ್ತೆಂದು ಹೇಳುವಂತಿಲ್ಲ. ಆದರೆ ಅದೇ ಜಾತಿಯ ಕೋಣಗರು ತಬೇಲಾದ ಮೂಲೆಯಲ್ಲಿ ಹಸಿದು ಸಾಯುವುದು ಯಾವ ಪೀಠದ ಮುಂದೆಯೂ ಅಷ್ಟು ಸದ್ದು ಮಾಡಲಿಲ್ಲ. ಕಂಬಳ ವರ್ಷಕ್ಕೆ ಕೆಲವು ದಿನ, ಸಾವಿರಾರು ಕಣ್ಣುಗಳ ಮುಂದೆ ನಡೆಯುತ್ತದೆ. ಹಾಲು ಪ್ರತಿದಿನ, ಗೋಡೆಯ ಹಿಂದೆ ಕರೆಯಲ್ಪಡುತ್ತದೆ.

ಇನ್ನು ಸಾವಯವ ಹಾಲಿನ ವಿಚಾರ. ಭಾರತದಲ್ಲಿ ಸಾವಯವ ಉತ್ಪನ್ನಗಳಿಗೆ ರಾಷ್ಟ್ರೀಯ ಕಾರ್ಯಕ್ರಮವೊಂದು 2001ರಿಂದ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ‘ಜೈವಿಕ ಭಾರತ್’ ಮುದ್ರೆ ಇರಬೇಕಾಗಿತ್ತು. ಕರ್ನಾಟಕವೂ 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ ರಾಜ್ಯ. ಸಾವಯವವೆಂದರೆ ಸ್ಥೂಲವಾಗಿ ಇಷ್ಟು: ಮೇವು ರಾಸಾಯನಿಕ ಗೊಬ್ಬರ, ಕೀಟನಾಶಕಗಳಿಲ್ಲದೆ ಬೆಳೆದುದಾಗಿರಬೇಕು; ಬೆಳವಣಿಗೆಗೆಂದು ಹಾರ್ಮೋನು, ವಾಡಿಕೆಯಂತೆ ಆ್ಯಂಟಿಬಯಾಟಿಕ್ ಕೊಡಬಾರದು; ಪ್ರಾಣಿಗೆ ಬಯಲಿನಲ್ಲಿ ಓಡಾಡುವ ಅವಕಾಶವಿರಬೇಕು. ಇವೆಲ್ಲ ಒಳ್ಳೆಯವೇ. ಅಮೆರಿಕೆಯ ನಿಯಮವು ವರ್ಷದಲ್ಲಿ ಕನಿಷ್ಠ 120 ದಿನಗಳ ಮೇಯುವಿಕೆಯನ್ನು ಕಡ್ಡಾಯಗೊಳಿಸಿದೆ. ಸದಾ ಸಿಮೆಂಟಿನ ನೆಲದ ಮೇಲೆ ಗಿಡ್ಡ ಹಗ್ಗದಲ್ಲಿ ನಿಂತ ಪ್ರಾಣಿಗೂ ಹುಲ್ಲಿನ ಮೇಲೆ ನಡೆಯುವ ಪ್ರಾಣಿಗೂ ಅಜಗಜಾಂತರವಿದೆಯೆಂಬುದನ್ನು ಹೇಳಬೇಕಾಗಿಲ್ಲ.

ಆದರೂ ಈ ನಿಯಮಗಳು ಮೂಲತಃ ಮಣ್ಣನ್ನೂ ತಿನ್ನುವವನ ಹೊಟ್ಟೆಯನ್ನೂ ದೃಷ್ಟಿಯಲ್ಲಿಟ್ಟು ಹುಟ್ಟಿದವು. ಪ್ರಾಣಿಯ ಹಿತ ಅವುಗಳ ಎರಡನೆಯ ಚಿಂತೆ. ಕೆಲವೊಮ್ಮೆ ಎರಡಕ್ಕೂ ನೇರ ವಿರೋಧವೇ ಬರುತ್ತದೆ. ಹಸುವಿಗೆ ಕೆಚ್ಚಲು ಬಾವು ಬಂದಿತೆನ್ನಿರಿ. ಅಮೆರಿಕೆಯ ನಿಯಮದಂತೆ ಒಮ್ಮೆ ಆ್ಯಂಟಿಬಯಾಟಿಕ್ ಕೊಟ್ಟರೆ ಆ ಹಸು ಮತ್ತೆಂದೂ ಸಾವಯವ ಹಾಲು ಕೊಡುವಂತಿಲ್ಲ. ಚಿಕಿತ್ಸೆಯನ್ನು ತಡೆಹಿಡಿಯಬಾರದೆಂದು ಅದೇ ನಿಯಮ ಹೇಳುತ್ತದಾದರೂ, ಔಷಧ ಕೊಟ್ಟ ದಿನವೇ ಹಸುವಿನ ಬೆಲೆ ಕುಸಿಯುವಾಗ ರೈತನು ಇನ್ನೆರಡು ದಿನ ಕಾದು ನೋಡುವುದು ಸಹಜ. ಆ ಎರಡು ದಿನಗಳ ನೋವು ಹಸುವಿನದು. ಐರೋಪ್ಯ ನಿಯಮ ಈ ವಿಷಯದಲ್ಲಿ ಹೆಚ್ಚು ವಿವೇಕವುಳ್ಳದ್ದು. ವರ್ಷಕ್ಕೆ ಮೂರರವರೆಗೆ ಚಿಕಿತ್ಸೆಗಳಿಗೆ ಅವಕಾಶ ಕೊಟ್ಟು, ಹಾಲನ್ನು ಮಾರದೆ ಕಾಯುವ ಅವಧಿಯನ್ನು ಮಾತ್ರ ಹೆಚ್ಚಿಸುತ್ತದೆ. ಕರುವಿಗೆ 90 ದಿನಗಳವರೆಗೆ ಸಹಜ ಹಾಲನ್ನೇ ಕೊಡಬೇಕೆಂದೂ ಅದು ವಿಧಿಸಿದೆ. ಹಾಗಿದ್ದರೂ ಹುಟ್ಟಿದ ಕರುವನ್ನು ತಾಯಿಯಿಂದ ಬೇರ್ಪಡಿಸುವುದು ಅಲ್ಲಿನ ಸಾವಯವ ಕೊಟ್ಟಿಗೆಗಳಲ್ಲಿಯೂ ನಡೆದೇ ಇದೆ. ಅಲ್ಲಿ ನಡೆಯುತ್ತಿರುವ ವಾದವಿವಾದವೂ ಬಹುಪಾಲು ಇದನ್ನೇ ಕುರಿತದ್ದು. 1964ರಲ್ಲಿ ರೂತ್ ಹ್ಯಾರಿಸನ್ ಎಂಬ ಆಂಗ್ಲ ಮಹಿಳೆ ಕೈಗಾರಿಕಾ ಪಶುಸಾಕಣೆಯ ಬಗೆಗೆ ಪುಸ್ತಕ ಬರೆದು ಅಲ್ಲಿನ ಸರಕಾರವನ್ನು ಎಚ್ಚರಿಸಿದಳು. ಮರುವರ್ಷವೇ ಬ್ರಾಂಬೆಲ್ ಸಮಿತಿಯ ವರದಿ ಬಂತು. ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಸ್ಥಳವಿರಬೇಕೆಂದು ಆ ಸಮಿತಿ ಹೇಳಿದ್ದನ್ನು ಕೊಟ್ಟಿಗೆ ನೋಡಿದ ಯಾವ ಹಳ್ಳಿಯ ಮುದುಕಿಯೂ ಸಮಿತಿಯಿಲ್ಲದೆಯೇ ಹೇಳುತ್ತಿದ್ದಳು.

ಆರೋಗ್ಯದ ಮಾತಿಗೂ ಬರಬೇಕು. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಆರೋಗ್ಯಕ್ಕೆ ಅಪಾಯಕರವಾದ ಕಲಬೆರಕೆ ಕಂಡದ್ದು ಕೇವಲ 12ರಲ್ಲಿ. ಯೂರಿಯಾ, ಸಾಬೂನುಪುಡಿಗಳ ಭಯಾನಕ ಕಥೆಗಳನ್ನು ಕೇಳುತ್ತ ಬಂದವರಿಗೆ ಇದು ಸಮಾಧಾನದ ಸುದ್ದಿ. ಆದರೆ 368 ಮಾದರಿಗಳಲ್ಲಿ, ಎಂದರೆ ಶೇಕಡಾ 5.7ರಷ್ಟರಲ್ಲಿ, ಅಫ್ಲಾಟಾಕ್ಸಿನ್ ಎಂಬ ವಿಷ ಮಿತಿಮೀರಿತ್ತು. 77ರಲ್ಲಿ ಆ್ಯಂಟಿಬಯಾಟಿಕ್ಕುಗಳ ಶೇಷವಿತ್ತು. ಅಫ್ಲಾಟಾಕ್ಸಿನ್ ಬರುವುದು ಬೂಷ್ಟು ಹಿಡಿದ ಹಿಂಡಿ, ಜೋಳ, ಹುಲ್ಲುಗಳಿಂದ. ಕುದಿಸಿದರೆ ಅದು ಹೋಗುವುದಿಲ್ಲ. ಸಾವಯವ ಹಿಂಡಿಗೂ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಆದುದರಿಂದ ಸಾವಯವವೆಂಬ ಮುದ್ರೆಗಿಂತ ಮೇವನ್ನು ಒಣಗಿಸಿ ಕಾಪಾಡುವ ಉಗ್ರಾಣವೇ ಇಲ್ಲಿ ಮುಖ್ಯ.

ಇನ್ನೊಂದು ಅಪಾಯಕರ ಭ್ರಮೆಯೆಂದರೆ ಸಾವಯವ ಹಾಲನ್ನು, ತಬೇಲಾದ ತಾಜಾ ಹಾಲನ್ನು ಹಸಿಯಾಗಿಯೇ ಕುಡಿಯಬಹುದೆಂಬುದು. ಬ್ರೂಸೆಲ್ಲಾ ಜ್ವರ, ಜಾನುವಾರುಗಳ ಕ್ಷಯ ಮೊದಲಾದವು ಹಸಿ ಹಾಲಿನಿಂದಲೇ ಮನುಷ್ಯನಿಗೆ ಅಂಟುತ್ತವೆ. ಡೇರಿಗಳಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣಿಸುತ್ತಾರೆ. ಮನೆಗೆ ಬಂದ ಬಿಡಿ ಹಾಲನ್ನು ಒಮ್ಮೆ ಚೆನ್ನಾಗಿ ಉಕ್ಕಿಸುವ ಅಜ್ಜಿಯ ಪದ್ಧತಿಯೂ ಅಷ್ಟೇ ಕ್ಷೇಮಕರ. ಕೊಬ್ಬಿನ ವಿಷಯದಲ್ಲಿಯೂ ಸಾವಯವಕ್ಕೆ ಯಾವ ಮಹಿಮೆಯೂ ಇಲ್ಲ. ಎಮ್ಮೆಯ ಹಾಲಿನಲ್ಲಿ ಶೇಕಡಾ 7ರಷ್ಟು ಕೊಬ್ಬು, ಫುಲ್‌ಕ್ರೀಮಿನಲ್ಲಿ 6, ಟೋನ್ಡ್ ಹಾಲಿನಲ್ಲಿ 3, ಡಬಲ್ ಟೋನ್ಡ್‌ನಲ್ಲಿ 1.5. ದಿನವಿಡೀ ಕುರ್ಚಿಯ ಮೇಲೆ ಕುಳಿತು, ಲೋಕಲ್ ಗಾಡಿಯಲ್ಲಿ ನಿಂತು ದುಡಿಯುವ, ನಲವತ್ತು ದಾಟಿದ ಹೃದಯಕ್ಕೆ ಆ ಅಂಕೆಯೇ ಹೆಚ್ಚು ಪ್ರಸ್ತುತ. ‘ಎ-2’ ಹಾಲಿನ ಗುಣಗಾನದ ಬಗೆಗೆ ಹೇಳುವುದಾದರೆ, 2024ರ ಆಗಸ್ಟಿನಲ್ಲಿ ಇದೇ ಪ್ರಾಧಿಕಾರ ಅಂಥ ಪ್ರಚಾರವನ್ನು ಪೊಟ್ಟಣಗಳಿಂದ ತೆಗೆಯಬೇಕೆಂದು ಆಜ್ಞಾಪಿಸಿತು, ಒಂದು ವಾರದೊಳಗೆ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಗಿರಾಕಿ ಇದರಿಂದ ಏನನ್ನು ತಿಳಿಯಬೇಕೆಂಬುದು ಗಿರಾಕಿಗೇ ಬಿಟ್ಟ ವಿಷಯ.

ಗೋಹತ್ಯೆಯ ನಿಷೇಧವೇ ಎಲ್ಲಕ್ಕೂ ಪರಿಹಾರವೆಂದು ಭಾವಿಸುವವರಿದ್ದಾರೆ. ಮಹಾರಾಷ್ಟ್ರದಲ್ಲಿ 2015ರಿಂದ ಹೋರಿ, ಎತ್ತುಗಳ ವಧೆಯೂ ನಿಷಿದ್ಧ. ಕರ್ನಾಟಕದ 2020ರ ಕಾಯಿದೆ ಇನ್ನೂ ಬಿಗಿಯಾದುದು. ಅದರ ಹಿಂದಿನ ಶ್ರದ್ಧೆಯನ್ನು ಲಘುವಾಗಿ ಕಾಣತಕ್ಕದ್ದಲ್ಲ. ಆದರೆ ಕಾನೂನು ಪ್ರಾಣಿಯ ಕೊನೆಯ ದಿನವನ್ನು ಮಾತ್ರ ನೋಡುತ್ತದೆ. ಅದಕ್ಕೆ ಮುಂಚಿನ ಸಾವಿರಾರು ದಿನಗಳನ್ನು ನೋಡುವುದಿಲ್ಲ. ಟ್ರಾಕ್ಟರು ಬಂದ ಮೇಲೆ ಹೋರಿಗರುವಿಗೆ ಕೆಲಸವಿಲ್ಲ, ಮಾರಲು ಸಂತೆಯಿಲ್ಲ, ಮೇವಿಗೆ ಹಣವಿಲ್ಲ. ಅದು ಬೀದಿಯ ಪಾಲಾಗುತ್ತದೆ, ಪ್ಲಾಸ್ಟಿಕ್ ತಿನ್ನುತ್ತದೆ. ಎಮ್ಮೆಯನ್ನಂತೂ ಮಹಾರಾಷ್ಟ್ರದ ಈ ನಿಷೇಧ ಒಳಗೊಂಡಿಲ್ಲ. ಮುಂಬಯಿ ಕುಡಿಯುವ ಗಟ್ಟಿ ಹಾಲು ಎಮ್ಮೆಯದೇ. ಹೆಣ್ಣುಗರುಗಳೇ ಹೆಚ್ಚಾಗಿ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವನ್ನು ಬಳಸುವ ಕ್ರಮವನ್ನು ಸರಕಾರ ಈಗ ಪ್ರೋತ್ಸಾಹಿಸುತ್ತಿದೆ. ಹುಟ್ಟಿಸಿ ಹಸಿವೆಯಿಂದ ಸಾಯಿಸುವುದಕ್ಕಿಂತ ಹುಟ್ಟಿಸದಿರುವುದು ಮೇಲು. ಈ ಕ್ರಮಕ್ಕೆ ಸಿಕ್ಕಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ದೇಸಿ ತಳಿಯ ಅಭಿಮಾನದ ಬಗೆಗೂ ಒಂದು ಮಾತು. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದ ಅಮೃತಮಹಲ್, ಬಯಲುಸೀಮೆಯ ಹಳ್ಳಿಕಾರ್, 2012ರಲ್ಲಿ ಅಧಿಕೃತ ತಳಿಯೆಂದು ಮಾನ್ಯವಾದ ಮಲೆನಾಡು ಗಿಡ್ಡ, ಇವೆಲ್ಲ ಕರ್ನಾಟಕದ ಹೆಮ್ಮೆಗಳು. ಗಿಡ್ಡ ತಳಿಯ ಹಸು ಗುಡ್ಡದಲ್ಲಿ ಮೇದು ಬಂದು ದಿನಕ್ಕೆ ಒಂದೆರಡು ಲೀಟರು ಹಾಲು ಕೊಟ್ಟರೆ ಹೆಚ್ಚು. ಕರುವಿನ ಪಾಲು ಬಿಟ್ಟು ಉಳಿದದ್ದು ಮನೆಗೆ. ಯಾವ ಪ್ರಮಾಣಪತ್ರವೂ ಇಲ್ಲದ ಸಾವಯವ ಪಶುಪಾಲನೆ ಅದೇ ಆಗಿತ್ತು. ಆದರೆ ಆ ಹಟ್ಟಿಗಳು ಖಾಲಿಯಾದದ್ದು ಹೇಗೆ? ಸೆಗಣಿ ಬಾಚುವ ಕೈಗಳು ಮುಂಬಯಿಗೆ ಬಂದವು. ಮಗನು ಹೋಟೆಲಿನ ಗಲ್ಲಾದ ಮುಂದೆ ಕುಳಿತ, ಮೊಮ್ಮಗನು ಕಂಪ್ಯೂಟರಿನ ಮುಂದೆ ಕುಳಿತ. ಮನಿಆರ್ಡರಿನ ಬಲದಿಂದ ಊರಿನ ಮನೆಗೆ ತಾರಸಿ ಬಂತು, ಹಟ್ಟಿಯ ಜಾಗದಲ್ಲಿ ಕಾರಿನ ಶೆಡ್ಡು ಬಂತು. ವಯಸ್ಸಾದ ತಂದೆತಾಯಿ ಒಂದೊಂದಾಗಿ ದನಗಳನ್ನು ಮಾರಿದರು. ಅದೇ ಮೊಮ್ಮಗ ಇಂದು ಘಾಟಕೋಪರದ ಅಂಗಡಿಯಲ್ಲಿ ದುಬಾರಿ ಬೆಲೆಗೆ ದೇಸಿ ಹಸುವಿನ ಹಾಲನ್ನು ಹುಡುಕುತ್ತಿದ್ದಾನೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಹಟ್ಟಿ ಕಳೆದುಕೊಂಡವರು ಊರಿನಲ್ಲಿ ಇನ್ನೂ ಹಟ್ಟಿ ಉಳಿಸಿಕೊಂಡ ನೆರೆಮನೆಯವನಿಗೆ ಅರ್ಧ ವರ್ಷದ ಹುಲ್ಲಿನ ಖರ್ಚನ್ನು ಕಳುಹಿಸಿದರೆ ಬಾಟಲಿ ಕೊಂಡದ್ದಕ್ಕಿಂತ ಹೆಚ್ಚು ಹಸುಗಳು ಉಳಿದಾವು.

ಕೊನೆಗೆ ಹಣದ ಪ್ರಶ್ನೆ. ಎಮ್ಮೆ ಸಾಲ ಕೊಡುವ ಬ್ಯಾಂಕುಗಳು ಎಮ್ಮೆಯ ಕಿವಿಗೆ ವಿಮೆಯ ಬಿಲ್ಲೆ ಹಾಕಿಸುತ್ತವೆ, ಮೊದಲ ಎಮ್ಮೆ ಬತ್ತುವ ಹೊತ್ತಿಗೆ ಎರಡನೆಯದು ಕರೆಯುವಂತೆ ಆರು ತಿಂಗಳ ಅಂತರದಲ್ಲಿ ಎರಡನೆಯ ಕಂತನ್ನು ಕೊಡುತ್ತವೆ. ಲೆಕ್ಕ ಅಷ್ಟು ನಾಜೂಕು. ಆ ಲೆಕ್ಕಕ್ಕೆ ಕರುವನ್ನೂ ಸೇರಿಸಿದರೆ ಏನಾಗುತ್ತದೆ? ಎಮ್ಮೆ ದಿನಕ್ಕೆ ಸರಾಸರಿ 8 ಲೀಟರಿನಂತೆ 300 ದಿನ ಕರೆಯುತ್ತದೆಂದು ಹಿಡಿದರೆ ಒಟ್ಟು 2,400 ಲೀಟರು. ಕರುವಿಗೆ ದಿನಕ್ಕೆ 3 ಲೀಟರಿನಂತೆ 90 ದಿನ ಬಿಟ್ಟರೆ 270 ಲೀಟರು ಹೋಗಿ 2,130 ಉಳಿಯಿತು. ಲೀಟರಿಗೆ 80 ರೂಪಾಯಿಯಂತೆ ಕರು ಕುಡಿದ ಹಾಲಿನ ಬೆಲೆ 21,600 ರೂಪಾಯಿ. ಉಳಿದ ಹಾಲಿನ ಮೇಲೆ ಹಂಚಿದರೆ ಲೀಟರಿಗೆ ಸುಮಾರು 10 ರೂಪಾಯಿ. ಬತ್ತಿದ ಎಮ್ಮೆಯನ್ನು 150 ದಿನ, ದಿನಕ್ಕೆ 200 ರೂಪಾಯಿ ಖರ್ಚಿನಲ್ಲಿ ಸಾಕಿದರೆ 30,000 ರೂಪಾಯಿ. ಅದು ಲೀಟರಿಗೆ ಇನ್ನು 14 ರೂಪಾಯಿ. ಒಟ್ಟು 24 ರೂಪಾಯಿ. ಇಂದಿನ ಬೆಲೆಯಲ್ಲಿ ಈ 24 ರೂಪಾಯಿಯನ್ನು ಗಿರಾಕಿಯೂ ಕೊಡುತ್ತಿಲ್ಲ, ಮಾಲೀಕನೂ ಕೊಡುತ್ತಿಲ್ಲ. ಕರು ಕೊಡುತ್ತಿದೆ, ಎಮ್ಮೆ ಕೊಡುತ್ತಿದೆ.

ದಿನಕ್ಕೆ ಒಂದು ಲೀಟರು ಕೊಳ್ಳುವ ಚಾಳಿನ ಸಂಸಾರಕ್ಕೆ ಇದು ತಿಂಗಳಿಗೆ 720 ರೂಪಾಯಿಯ ಹೊರೆ. ಮಕ್ಕಳ ಶಾಲೆಯ ಫೀಯನ್ನು ಹೊಂದಿಸಲು ಹೆಣಗುವವರಿಗೆ ಅದು ಸಣ್ಣ ಮೊತ್ತವಲ್ಲ. ಅವರನ್ನು ಕಟುಕರೆಂದು ಹಳಿಯುವ ಪ್ರಾಣಿದಯಾವಾದಿಗಳು ಬಡವರ ಅಡುಗೆಮನೆಯನ್ನು ನೋಡಿಲ್ಲವೆಂದೇ ಹೇಳಬೇಕು. ಆದರೆ ಮುಂಬಯಿಯಲ್ಲಿ ಹಾಲನ್ನು ಕ್ಯಾನುಗಟ್ಟಲೆ ಕೊಳ್ಳುವ ಕನ್ನಡಿಗರೂ ಇದ್ದಾರೆ. ಉಡುಪಿ ಹೋಟೆಲುಗಳ ಮಾಲೀಕರು ಈ ನಗರದ ಹಾಲಿನ ದೊಡ್ಡ ಗಿರಾಕಿಗಳು. ಒಂದು ಲೀಟರು ಹಾಲಿನಲ್ಲಿ ಹತ್ತೇ ಕಪ್ಪು ಕಾಫಿಯೆಂದರೂ ಮೇಲಿನ ಹೊರೆ ಕಪ್ಪಿಗೆ ಎರಡೂವರೆ ರೂಪಾಯಿಯನ್ನು ಮುಟ್ಟುವುದಿಲ್ಲ. ಹಾಲು ತರುವವನನ್ನು ಗಲ್ಲಾದ ಮುಂದೆ ನಿಲ್ಲಿಸಿ, ಹೋದ ವರ್ಷ ಹುಟ್ಟಿದ ಕರುಗಳಲ್ಲಿ ಎಷ್ಟು ಬದುಕಿವೆ, ಬತ್ತಿದ ಎಮ್ಮೆಗಳು ಎಲ್ಲಿವೆ, ಸೂಜಿ ಹಾಕುತ್ತೀಯೋ ಇಲ್ಲವೋ ಎಂದು ಕೇಳುವ ಅಧಿಕಾರ ಇರುವುದು ಅವರಿಗೇ. ಹಾಲಿನಲ್ಲಿ ನೀರಿದೆಯೆ ಎಂದು ಲ್ಯಾಕ್ಟೊಮೀಟರು ಅದ್ದಿ ನೋಡುವ ಅದೇ ದಕ್ಷತೆ ಇದಕ್ಕೂ ಸಾಕು. ಹಳ್ಳಿಯಲ್ಲಿಯೇ ಜಾನುವಾರು ಉಳಿಯುವ, ಕರುವೂ ಮನೆಯ ಆಸ್ತಿಯಾಗಿರುವ ಸಹಕಾರಿ ಸಂಘಗಳ ಹಾಲನ್ನು ತಬೇಲಾದ ಹಾಲಿಗೆ ಬದಲಾಗಿ ಆರಿಸಿಕೊಂಡರೂ ಅರ್ಧ ದಾರಿ ಸಾಗಿದಂತೆಯೇ. ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ಕರ್ನಾಟಕದ ಮೊದಲ ಡೇರಿ ತೆರೆದಾಗಿನಿಂದ ಬೆಳೆದು ಬಂದ ನಂದಿನಿಯ ಹಾಲು ಈಗ ಮುಂಬಯಿಗೂ ಬರುತ್ತಿದೆ.

ಕುರ್ಲಾದ ಮದರ್ ಡೇರಿಯ ಆವರಣದ ವಿಷಯ ಹೇಳುವುದು ಉಳಿದಿದೆ. ಸುಮಾರು 21 ಎಕರೆ, ಎಂದರೆ 8.5 ಹೆಕ್ಟೇರಿನ ಆ ಭೂಮಿಯನ್ನು ಧಾರಾವಿ ಪುನರ್ವಿಕಾಸ ಯೋಜನೆಗೆ ವಹಿಸಿಕೊಡುವ ಆದೇಶವನ್ನು ರಾಜ್ಯ ಸರಕಾರ 2024ರ ಜೂನ್ ತಿಂಗಳಲ್ಲಿ ಹೊರಡಿಸಿತು. ಅಲ್ಲಿನ ಮರಗಳನ್ನುಳಿಸಿ ಉದ್ಯಾನ ಮಾಡಬೇಕೆಂದು ನೆಹರೂ ನಗರದ ನಿವಾಸಿಗಳು ಬೀದಿಗಿಳಿದರು. ಮನೆಯೋ ಉದ್ಯಾನವೋ ಎಂಬ ಆ ವಾದದಲ್ಲಿ ಹಾಲಿನ ಮಾತನ್ನು ಎತ್ತಿದವರು ಹೆಚ್ಚಿರಲಿಲ್ಲ. ಎಮ್ಮೆಗಳನ್ನು ನಗರದಿಂದ ಹೊರಗಿಟ್ಟು ಜನರಿಗೆ ಹಾಲು ಕೊಡಲು ಸಾಧ್ಯವೆಂದು ತೋರಿಸಲು ಕಟ್ಟಿದ ಸ್ಥಳ ಅದಾಗಿತ್ತು.